ಬೆಂಕಿ ಆರಿಸಲು ಬಂದವರ ಮೇಲೆ ಕೇಸು ಹಾಕಬಹುದೇ? ಅಮೆರಿಕದ ರಾಜ್ಯ ಕಾನೂನುಗಳು ಏನು ಹೇಳುತ್ತವೆ

ಅಮೆರಿಕದ ಒಹಾಯೊ ರಾಜ್ಯದ ಪೂರ್ವದ ಅಂಚಿನಲ್ಲಿ ಮನ್ರೋ ಕೌಂಟಿ ಇದೆ. ಗುಡ್ಡಗಾಡು, ಚಿಕ್ಕ ಚಿಕ್ಕ ಊರುಗಳು, ಪಕ್ಕದಲ್ಲೇ ಒಹಾಯೊ ನದಿ. 2014ರ ಜೂನ್ 28ರ ಶನಿವಾರ ಬೆಳಿಗ್ಗೆ ಅಲ್ಲಿನ ಐಸೆನ್‌ಬಾರ್ತ್ ಎಂಬ ಗ್ಯಾಸ್ ಬಾವಿಗಳ ಜಾಗದಲ್ಲಿ ಫ್ರ್ಯಾಕಿಂಗ್ ನಡೆಯುತ್ತಿತ್ತು. ನೆಲದಾಳದ ಕಲ್ಲಿನ ಪದರಕ್ಕೆ ನೀರು, ಮರಳು, ರಾಸಾಯನಿಕ ಸೇರಿಸಿ ಭಾರಿ ಒತ್ತಡದಲ್ಲಿ ನುಗ್ಗಿಸಿ ಗ್ಯಾಸ್ ತೆಗೆಯುವ ಕೆಲಸ ಅದು. ಒಂದು ಹೈಡ್ರಾಲಿಕ್ ಪೈಪು ಕಿತ್ತುಹೋಯಿತು. ಎಣ್ಣೆ ಕಾದ ಯಂತ್ರದ ಮೇಲೆ ಚಿಮ್ಮಿ ಹೊತ್ತಿಕೊಂಡಿತು. ಒತ್ತೊತ್ತಾಗಿ ನಿಲ್ಲಿಸಿದ್ದ ಸುಮಾರು 20 ಟ್ರಕ್ಕುಗಳು ಒಂದಾದ ಮೇಲೊಂದು ಉರಿದವು.

ಅದೃಷ್ಟಕ್ಕೆ ಬಾವಿ ಸಿಡಿಯಲಿಲ್ಲ, ಯಾರೂ ಸಾಯಲಿಲ್ಲ. ಸುತ್ತಲಿನ ಒಂದು ಮೈಲಿಯೊಳಗಿನ ಮನೆಗಳನ್ನು ಖಾಲಿ ಮಾಡಿಸಿದರು. ಬೆಂಕಿ ಆರಿಸಲು ಬಂದವರಲ್ಲಿ ಅಕ್ಕಪಕ್ಕದ ಊರುಗಳ ಸ್ವಯಂಸೇವಕ ದಳದವರು ಇದ್ದರು. ಅಮೆರಿಕದ ಅಗ್ನಿಶಾಮಕರಲ್ಲಿ ಸುಮಾರು ಮೂರನೇ ಎರಡು ಭಾಗ ಇಂಥವರೇ. ಬೇರೆ ಕಡೆ ಕೆಲಸದಲ್ಲಿರುತ್ತಾರೆ, ಕರೆ ಬಂದರೆ ಎದ್ದು ಓಡುತ್ತಾರೆ. ಆ ಜಾಗದಲ್ಲಿ ಡೀಸೆಲ್ ಇತ್ತು, ಹೈಡ್ರೋಕ್ಲೋರಿಕ್ ಆಸಿಡ್ ಇತ್ತು, ಎಥಿಲೀನ್ ಗ್ಲೈಕಾಲ್ ಇತ್ತು, ಅಳತೆಯ ಉಪಕರಣಗಳಲ್ಲಿ ವಿಕಿರಣ ಸೂಸುವ ಸೀಸಿಯಂ-137 ಕೂಡ ಇತ್ತು. ದಳದವರು ನೀರು ಹೊಡೆದರು. ಆ ನೀರು ಸುಟ್ಟ ರಾಸಾಯನಿಕಗಳನ್ನು ಹೊತ್ತುಕೊಂಡು ಇಳಿಜಾರಿನಲ್ಲಿ ಹರಿದು ಕೆಳಗಿನ ಒಪೋಸಮ್ ಹಳ್ಳ ಸೇರಿತು. ಹಳ್ಳದ ಉದ್ದಕ್ಕೂ ಸುಮಾರು ಐದು ಮೈಲಿ, ಅಂದಾಜು 70,000 ಮೀನುಗಳು ಸತ್ತು ತೇಲಿದವು.

ಆ ಮೀನುಗಳ ಸಾವಿಗೆ ಹೊಣೆ ಯಾರು? ಬಾವಿಯ ಒಡೆಯನಾದ ಸ್ಟಾಟ್‌ಆಯಿಲ್ ಕಂಪನಿಯೇ? ಫ್ರ್ಯಾಕಿಂಗ್ ಗುತ್ತಿಗೆ ಹಿಡಿದಿದ್ದ ಹ್ಯಾಲಿಬರ್ಟನ್ನೇ? ಅಥವಾ ನೀರು ಹೊಡೆದವರೇ? ಕೊನೆಯ ಪ್ರಶ್ನೆ ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಕೋರ್ಟಿನ ಲೆಕ್ಕದಲ್ಲಿ ಅದನ್ನು ಕೇಳಲು ಅಡ್ಡಿಯಿಲ್ಲ. ವಿಷ ಹಳ್ಳಕ್ಕೆ ಬಂದದ್ದು ನೀರಿನ ಜೊತೆ, ನೀರು ಬಂದದ್ದು ದಳದವರ ಪೈಪಿನಿಂದ. ಈ ಪ್ರಶ್ನೆಗೆ ಕಾನೂನು ಮೊದಲೇ ಉತ್ತರ ಕೊಟ್ಟಿರಬೇಕು. ಇಲ್ಲದಿದ್ದರೆ ಮುಂದಿನ ಬಾರಿ ಕರೆ ಬಂದಾಗ ಜನ ಎರಡು ಸಲ ಯೋಚಿಸುತ್ತಾರೆ.

ಅಮೆರಿಕ ಪಾಲಿಸುವ ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ, ಅಂದರೆ ಕೋರ್ಟುಗಳ ತೀರ್ಪುಗಳಿಂದ ಬೆಳೆದುಬಂದ ಕಾನೂನಿನಲ್ಲಿ, ಒಂದು ಹಳೆಯ ನಿಯಮವಿದೆ. ಅಪಾಯದಲ್ಲಿರುವ ಅಪರಿಚಿತನಿಗೆ ನೆರವಾಗಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಆದರೆ ಒಮ್ಮೆ ಕೈಹಾಕಿದರೆ ಎಚ್ಚರದಿಂದ ಮಾಡಬೇಕು, ಎಡವಿದರೆ ದಾವೆ ಎದುರಿಸಬೇಕು. ಸುಮ್ನೆ ನಿಂತು ನೋಡಿದವನಿಗೆ ಏನೂ ಆಗುವುದಿಲ್ಲ, ಓಡಿ ಬಂದವನಿಗೇ ಅಪಾಯ. ಈ ತಲೆಕೆಳಗಾದ ಲೆಕ್ಕವನ್ನು ಸರಿಪಡಿಸಲು ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ನೆರವಿಗೆ ಬಂದವರನ್ನು ಕಾಯುವ ಕಾನೂನು ಮಾಡಿಕೊಂಡಿವೆ. ರಸ್ತೆಯಲ್ಲಿ ಬಿದ್ದವರನ್ನು ಎತ್ತುವವರಿಗೆ ಅದು ಸಾಕು. ಎಣ್ಣೆ ಮತ್ತು ಗ್ಯಾಸಿನ ಅವಘಡಕ್ಕೆ ಸಾಲದು. ಇಲ್ಲಿ ಒಂದು ತಪ್ಪು ನಿರ್ಧಾರದಿಂದ ಇಡೀ ಹಳ್ಳ, ಹೊಲ, ಕುಡಿಯುವ ನೀರು ಹಾಳಾಗಬಹುದು. ನಷ್ಟದ ಲೆಕ್ಕ ಕೋಟಿಗಳಲ್ಲಿ ಏರುತ್ತದೆ.

ಈ ವಿಷಯದಲ್ಲಿ ಅಮೆರಿಕ ಗಂಭೀರವಾಗಿ ತಲೆಕೆಡಿಸಿಕೊಂಡದ್ದು 1989ರ ನಂತರ. ಆ ವರ್ಷ ಮಾರ್ಚ್ 24ರಂದು ಎಕ್ಸಾನ್ ವಾಲ್ಡೆಜ್ ಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ಬಡಿಯಿತು. ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಸಮುದ್ರ ಸೇರಿತು. ಮರುವರ್ಷ ಆಗಸ್ಟ್‌ನಲ್ಲಿ ಕೇಂದ್ರದ ತೈಲ ಮಾಲಿನ್ಯ ಕಾಯ್ದೆ ಬಂತು. ಅದರ ಮೂಲಕ ಶುದ್ಧ ಜಲ ಕಾಯ್ದೆಗೆ ಸೇರಿಸಿದ ಒಂದು ಕಲಮು ನಮ್ಮ ವಿಷಯದ ತಿರುಳು. ಅದನ್ನು ನಿಧಾನವಾಗಿ ಓದಬೇಕು.

ಸೋರಿಕೆಯಾದಾಗ ಏನು ಮಾಡಬೇಕೆಂದು ಕೇಂದ್ರ ಸರ್ಕಾರ ಮೊದಲೇ ಬರೆದಿಟ್ಟ ರಾಷ್ಟ್ರೀಯ ತುರ್ತು ಯೋಜನೆಯ ಪ್ರಕಾರ ಅಥವಾ ಸರ್ಕಾರದ ಸೂಚನೆಯಂತೆ ನೆರವು, ಸಲಹೆ ಕೊಟ್ಟವರು ಸ್ವಚ್ಛತೆಯ ಖರ್ಚಿಗಾಗಲಿ, ನಷ್ಟಕ್ಕಾಗಲಿ ಹೊಣೆಯಲ್ಲ ಎನ್ನುವುದು ಮೊದಲ ಭಾಗ. ಎರಡನೇ ಭಾಗದಲ್ಲಿ ವಿನಾಯಿತಿ ಇಲ್ಲದ ಸಂದರ್ಭಗಳಿವೆ. ಸೋರಿಕೆಗೆ ಕಾರಣನಾದವನಿಗೆ ಈ ರಕ್ಷಣೆ ಇಲ್ಲ. ಯಾರಿಗಾದರೂ ಗಾಯವಾದರೆ, ಜೀವ ಹೋದರೆ ಇಲ್ಲ. ಘೋರ ನಿರ್ಲಕ್ಷ್ಯ ಅಥವಾ ಬೇಕೆಂದೇ ಮಾಡಿದ ತಪ್ಪಿದ್ದರೆ ಇಲ್ಲ. ಬೇರೆ ಅಪಾಯಕಾರಿ ತ್ಯಾಜ್ಯಗಳ ಸ್ವಚ್ಛತೆಗೆ ಪ್ರತ್ಯೇಕ ಕಾಯ್ದೆ ಇರುವುದರಿಂದ ಅದೂ ಹೊರಗೆ. ಮೂರನೇ ಭಾಗ ಒಂದೇ ವಾಕ್ಯ. ನೆರವಿಗೆ ಬಂದವನಿಗೆ ಯಾವ ಖರ್ಚು, ಯಾವ ನಷ್ಟದಿಂದ ವಿನಾಯಿತಿ ಸಿಕ್ಕಿತೋ ಅದನ್ನೆಲ್ಲ ಸೋರಿಕೆಗೆ ಕಾರಣನಾದವನೇ ಕಟ್ಟಿಕೊಡಬೇಕು.

ನನ್ನ ಪ್ರಕಾರ ಇಡೀ ಕಲಮಿನ ಪ್ರಾಣ ಇರುವುದು ಈ ಮೂರನೇ ಭಾಗದಲ್ಲಿ. ಅದು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ದಳದವರ ತಪ್ಪಿನಿಂದ ಪಕ್ಕದ ರೈತನ ಹೊಲ ಹಾಳಾಯಿತು ಅಂದುಕೊಳ್ಳಿ. ರೈತ ದಳದವರ ಮೇಲೆ ದಾವೆ ಹೂಡುವಂತಿಲ್ಲ. ಕಂಪನಿ ಬಂದು 'ಈ ಹಾನಿ ನಮ್ಮ ಸೋರಿಕೆಯಿಂದ ಆಗಿಲ್ಲ, ಅವರು ಮಾಡಿದ ತಪ್ಪಿನಿಂದ ಆಗಿದೆ' ಎನ್ನುತ್ತದೆ. ಕೋರ್ಟು ಈ ವಾದ ಒಪ್ಪಿದರೆ ರೈತನಿಗೆ ಎರಡೂ ಬಾಗಿಲು ಮುಚ್ಚಿದವು. ನೆರವಿಗೆ ಬಂದವರನ್ನು ಕಾಪಾಡಲೇಬೇಕು, ಆದರೆ ಅದರ ಖರ್ಚು ರೈತನ ಜೇಬಿನಿಂದ ಹೋಗಬಾರದು. ಯಾವುದೇ ರಾಜ್ಯದಲ್ಲಿ ಇಂಥ ಮಸೂದೆ ಬಂದಾಗ ನಾನು ಮೊದಲು ಹುಡುಕುವುದು ಈ ವಾಕ್ಯವನ್ನೇ.

ರಾಜ್ಯಗಳು ಇದರೊಳಗೆ ಬಂದದ್ದಕ್ಕೂ ಕಾರಣ ಇದೇ ಕಾಯ್ದೆ. 1990ರ ಕಾಯ್ದೆ ರಾಜ್ಯಗಳ ಅಧಿಕಾರವನ್ನು ಮುಟ್ಟಲಿಲ್ಲ. ರಾಜ್ಯಗಳು ಇನ್ನೂ ಬಿಗಿಯಾದ ಹೊಣೆ ಹೊರಿಸಬಹುದು ಎಂದು ಬಿಟ್ಟುಕೊಟ್ಟಿತು. ಹಾಗಾಗಿ ಕೇಂದ್ರದ ಕಾನೂನಿನಲ್ಲಿ ವಿನಾಯಿತಿ ಸಿಕ್ಕವರೂ ರಾಜ್ಯದ ಕಾನೂನಿನಲ್ಲಿ ಸಿಕ್ಕಿಬೀಳುವ ಅಪಾಯ ಉಳಿಯಿತು. ಅದನ್ನು ತಪ್ಪಿಸಲು ಕರಾವಳಿಯ ರಾಜ್ಯಗಳು ಬೇಗ ಬೇಗ ತಮ್ಮದೇ ಕಾಯ್ದೆ ಮಾಡಿದವು. ಟೆಕ್ಸಾಸ್ 1991ರಲ್ಲಿ ಮಾಡಿತು. ಸ್ವಇಚ್ಛೆಯಿಂದಲೋ, ತುರ್ತು ಯೋಜನೆಯಂತೆಯೋ ನೆರವು ಕೊಟ್ಟವರು ಖರ್ಚು, ನಷ್ಟ, ದಂಡ ಯಾವುದಕ್ಕೂ ಹೊಣೆಯಲ್ಲ, ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ಹೊಣೆ ಎಂದಿತು. ಸೋರಿಕೆ ತಡೆಯಲು ಮುಂದಾಗುವುದನ್ನೇ ತಪ್ಪೊಪ್ಪಿಗೆ ಎಂದು ಎಣಿಸಬಾರದು ಅಂತಲೂ ಸೇರಿಸಿತು. ಇದು ಜಾಣತನದ ಮಾತು. ಇಲ್ಲದಿದ್ದರೆ ವಕೀಲರ ಸಲಹೆ ಕಾಯುತ್ತ ಕಂಪನಿ ಕೈಕಟ್ಟಿ ಕೂರುತ್ತದೆ.

ಆದರೆ ಇದೆಲ್ಲ ನೀರಿಗೆ ಬಿದ್ದ ಎಣ್ಣೆಯ ಕಥೆ. ಗುಡ್ಡದ ಮೇಲಿನ ಗ್ಯಾಸ್ ಬಾವಿ ಹೊತ್ತಿ ಉರಿದರೆ ಕರಾವಳಿಯ ಕಾನೂನು ಕೆಲಸಕ್ಕೆ ಬರುವುದಿಲ್ಲ. ಒಹಾಯೊದಂಥ ರಾಜ್ಯದಲ್ಲಿ ಬರುವವರು ಯಾರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಊರಿನ ಅಗ್ನಿಶಾಮಕ ದಳದವರಿಗೆ ಸ್ಥಳೀಯ ಸಂಸ್ಥೆಗಳ ಕಾನೂನಿನ ರಕ್ಷಣೆ ಇದೆ. ಕೆಟ್ಟ ಉದ್ದೇಶ ಅಥವಾ ಯಾವ ಪರಿವೆಯೂ ಇಲ್ಲದ ನಡವಳಿಕೆ ತೋರಿಸಲು ಆಗದಿದ್ದರೆ ಅವರನ್ನು ಸ್ವಂತಕ್ಕೆ ಹೊಣೆ ಮಾಡುವಂತಿಲ್ಲ. ಎರಡನೆಯವರು ಹೊರಗಿನಿಂದ ಬರುವ ತಿಳಿದವರು. ಪಕ್ಕದ ಕಾರ್ಖಾನೆಯ ಕೆಮಿಸ್ಟ್, ಬೇರೆ ಕಂಪನಿಯ ಅನುಭವಿ ಎಂಜಿನಿಯರ್, ಹೀಗೆ. ಇವರಿಗಾಗಿ ಒಹಾಯೊದಲ್ಲಿ ಪ್ರತ್ಯೇಕ ಕಲಮಿದೆ. ಅಪಾಯಕಾರಿ ವಸ್ತು ಸೋರಿದಾಗ ನೆರವೋ ಸಲಹೆಯೋ ಕೊಟ್ಟವರು ಹೊಣೆಯಲ್ಲ, ಆದರೆ ಕೆಲವು ಷರತ್ತು. ಶೆರಿಫ್, ಪೊಲೀಸ್ ಮುಖ್ಯಸ್ಥ, ಅಗ್ನಿಶಾಮಕ ದಳದ ಮುಖ್ಯಸ್ಥರಂಥ ಅಧಿಕಾರಿ ಕರೆದಿರಬೇಕು. ಆ ಕೆಲಸದಲ್ಲಿ ತರಬೇತಿಯೋ ಅನುಭವವೋ ಇರಬೇಕು. ಕರೆದ ಸರ್ಕಾರದಿಂದ ಹಣ ಸಿಗುತ್ತದೆಂದು ಎಣಿಸಿ ಬಂದಿರಬಾರದು. ಘೋರ ನಿರ್ಲಕ್ಷ್ಯ ಇರಬಾರದು.

ಈ ಷರತ್ತುಗಳ ಹಿಂದಿನ ಯೋಚನೆ ಒಳ್ಳೆಯದೇ. ಕರೆಯದೆ ನುಗ್ಗಿ ಗೊಂದಲ ಮಾಡುವವರನ್ನು ದೂರ ಇಡುತ್ತದೆ. ಆದರೆ ಸ್ಥಳದಲ್ಲಿ ನಿಂತು ನೋಡಿದರೆ ಇಕ್ಕಟ್ಟು ಕಾಣುತ್ತದೆ. ಬೆಂಕಿ ಕಂಡ ಪಕ್ಕದ ಬಾವಿಯ ಮೇಸ್ತ್ರಿ ತನ್ನ ಜೆಸಿಬಿ ತಂದು ಹಳ್ಳಕ್ಕೆ ಹೋಗುವ ನೀರಿಗೆ ಮಣ್ಣಿನ ಒಡ್ಡು ಕಟ್ಟುತ್ತಾನೆ ಅಂದುಕೊಳ್ಳಿ. ಅದು ಅತ್ಯಂತ ಬೇಕಾದ ಕೆಲಸ. ಅವನನ್ನು ಅಧಿಕಾರಿ ಕರೆದಿದ್ದರೇ? ಕರೆದದ್ದಕ್ಕೆ ದಾಖಲೆ ಇದೆಯೇ? ಆ ಗಡಿಬಿಡಿಯಲ್ಲಿ ಯಾರು ಬರೆದಿಟ್ಟಿರುತ್ತಾರೆ? ವರ್ಷಗಳ ನಂತರ ಕೋರ್ಟಿನಲ್ಲಿ ಇಡೀ ಕೇಸು ಒಂದು ಫೋನ್ ಕರೆ ಬಂದಿತ್ತೋ ಇಲ್ಲವೋ ಎನ್ನುವುದರ ಮೇಲೆ ನಿಲ್ಲಬಹುದು.

ಮೂರನೆಯವರು ಇದನ್ನೇ ಕಸುಬು ಮಾಡಿಕೊಂಡ ವೆಲ್ ಕಂಟ್ರೋಲ್ ತಂಡದವರು. ಹಿಡಿತ ತಪ್ಪಿದ ಬಾವಿಯ ಬಾಯಿ ಮುಚ್ಚುವ ಈ ಕಸುಬಿನ ತವರು ಟೆಕ್ಸಾಸ್. ಇವರಿಲ್ಲದೆ ದೊಡ್ಡ ಅವಘಡ ನಿಲ್ಲುವುದಿಲ್ಲ. ಅವರು ಬಂದ ಮೇಲೂ ಬೇಗ ಮುಗಿಯುತ್ತದೆ ಅಂತೇನಿಲ್ಲ. 2018ರ ಫೆಬ್ರವರಿ 15ರಂದು ಒಹಾಯೊದ ಬೆಲ್ಮಾಂಟ್ ಕೌಂಟಿಯಲ್ಲಿ ಎಕ್ಸ್‌ಟಿಒ ಕಂಪನಿಯ ಬಾವಿ ಸಿಡಿದಾಗ ಅದನ್ನು ಮುಚ್ಚಲು ಸುಮಾರು 20 ದಿನ ಬೇಕಾಯಿತು. ಗಂಟೆಗೆ ಅಂದಾಜು 120 ಟನ್ ಮೀಥೇನ್ ಹೊರಬಂದಿತ್ತು ಎಂದು ಮುಂದೆ ಉಪಗ್ರಹದ ಅಳತೆಯಿಂದ ಗೊತ್ತಾಯಿತು.

ಈ ತಂಡದವರು ದುಡ್ಡಿಗೆ ಬರುವವರು. ಸ್ವಯಂಸೇವಕರಿಗಾಗಿ ಬರೆದ ಕಾನೂನು ಇವರಿಗೆ ಹೊಂದುವುದಿಲ್ಲ. ಇವರ ರಕ್ಷಣೆ ಇರುವುದು ಕರಾರು ಪತ್ರದಲ್ಲಿ. 'ಏನೇ ನಷ್ಟವಾದರೂ, ನಮ್ಮ ತಪ್ಪಿನಿಂದಲೇ ಆದರೂ, ಬಾವಿಯ ಒಡೆಯರೇ ತುಂಬಿಕೊಡಬೇಕು' ಎಂದು ಬರೆಸಿಕೊಂಡೇ ಕೆಲಸಕ್ಕೆ ಇಳಿಯುತ್ತಾರೆ. ಇಲ್ಲೊಂದು ಕುತೂಹಲದ ಸಂಗತಿ ಇದೆ. ಸಾಮಾನ್ಯವಾಗಿ ತೈಲ ರಂಗದಲ್ಲಿ ಇಂಥ ಕರಾರುಗಳನ್ನು ಟೆಕ್ಸಾಸ್ 1973ರಲ್ಲಿ, ಲೂಸಿಯಾನ 1981ರಲ್ಲಿ ಕಾನೂನು ಮಾಡಿ ಹತ್ತಿಕ್ಕಿದವು. ದೊಡ್ಡ ಕಂಪನಿಗಳು ಚಿಕ್ಕ ಗುತ್ತಿಗೆದಾರರ ಮೇಲೆ ಎಲ್ಲ ಹೊಣೆ ಹೊರಿಸುತ್ತಿದ್ದವು, ಅದಕ್ಕೆ. ಆದರೆ ಎರಡೂ ರಾಜ್ಯಗಳು ಒಂದು ಕಿಟಕಿ ತೆರೆದಿಟ್ಟವು. ಜನರ ಸುರಕ್ಷತೆಗಾಗಿ ಹಿಡಿತ ತಪ್ಪಿದ ಬಾವಿಯನ್ನು ಹತೋಟಿಗೆ ತರುವ ಕೆಲಸಕ್ಕೆ ಈ ತಡೆ ಅನ್ವಯಿಸುವುದಿಲ್ಲ. ಉರಿಯುವ ಬಾವಿಯ ಬಳಿ ಹೋಗುವವನು ತನ್ನ ಹೊಣೆಯನ್ನು ಕರಾರಿನಲ್ಲಿ ಪೂರ್ತಿ ಒಡೆಯನ ಮೇಲೆ ಹಾಕಬಹುದು.

ಇದು ನನಗೆ ಸರಿ ಅನ್ನಿಸುತ್ತದೆ. ಯಾಕೆಂದರೆ ಕರಾರಿನಿಂದ ಪಕ್ಕದ ಮನೆಯವನ ಹಕ್ಕು ಹೋಗುವುದಿಲ್ಲ. ಅವನು ಯಾರ ಮೇಲೆ ಬೇಕಾದರೂ ದಾವೆ ಹೂಡಬಹುದು, ಕೊನೆಗೆ ಹಣ ಯಾರ ಕೈಯಿಂದ ಬರಬೇಕು ಎನ್ನುವುದನ್ನು ಮಾತ್ರ ಕರಾರು ತೀರ್ಮಾನಿಸುತ್ತದೆ. ಶಾಸನ ಕೊಡುವ ವಿನಾಯಿತಿಗೂ ಕರಾರಿನ ರಕ್ಷಣೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಶಾಸನದ ವಿನಾಯಿತಿ ಸಂತ್ರಸ್ತನ ಕೈಯಿಂದ ಏನನ್ನೋ ಕಿತ್ತುಕೊಳ್ಳುತ್ತದೆ, ಕರಾರು ಕಿತ್ತುಕೊಳ್ಳುವುದಿಲ್ಲ. ತೊಡಕು ಬರುವುದು ಬಾವಿಯ ಒಡೆಯ ಚಿಕ್ಕ ಕಂಪನಿಯಾದಾಗ. ವಿಮೆ ಸರಿಯಾಗಿ ಮಾಡಿಸಿರುವುದಿಲ್ಲ, ಅವಘಡದ ನಂತರ ದಿವಾಳಿ ಎದ್ದು ಹೋಗುತ್ತದೆ. ಆಗ ಕರಾರು ಬರೀ ಕಾಗದ. ಆದ್ದರಿಂದ ಬಾವಿ ಕೊರೆಯಲು ಅನುಮತಿ ಕೊಡುವಾಗಲೇ ಎಷ್ಟು ವಿಮೆ ಇದೆ ಎಂದು ನೋಡುವುದು ಹೊಣೆಗಾರಿಕೆಯ ಕಾನೂನಿನಷ್ಟೇ ಮುಖ್ಯ.

ಇನ್ನು ನೆರವಿಗೆ ಹೋಗಿ ತಾವೇ ಕಾಯಿಲೆ ಬಿದ್ದವರ ಮಾತು. ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ಬಿಪಿ ಕಂಪನಿಯ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ರಿಗ್ ಸಿಡಿದು 11 ಜನ ಸತ್ತರು. 87 ದಿನ ತೈಲ ಹರಿಯಿತು. ತೈಲ ಒಡೆಯಲು ಸುಮಾರು 18 ಲಕ್ಷ ಗ್ಯಾಲನ್ ರಾಸಾಯನಿಕ ಸುರಿದರು. ಮೀನುಗಾರಿಕೆ ನಿಂತುಹೋದ ಮೀನುಗಾರರೇ ತಮ್ಮ ದೋಣಿಗಳಲ್ಲಿ ಸ್ವಚ್ಛತೆಗೆ ಇಳಿದರು. ಅವರಲ್ಲಿ ಹಲವರು ಕಾಯಿಲೆ ಬಿದ್ದೆವು ಎಂದು ಸ್ವಚ್ಛತೆಯ ಗುತ್ತಿಗೆ ಕಂಪನಿಗಳ ಮೇಲೆ, ರಾಸಾಯನಿಕ ತಯಾರಿಸಿದ ಕಂಪನಿಯ ಮೇಲೆ ದಾವೆ ಹೂಡಿದರು. ಗಾಯವಾದರೆ ವಿನಾಯಿತಿ ಇಲ್ಲ ಎಂದು ಶುದ್ಧ ಜಲ ಕಾಯ್ದೆಯ ಆ ಕಲಮೇ ಹೇಳುತ್ತದಲ್ಲ, ಗೆಲ್ಲಬೇಕಿತ್ತು. ಆದರೆ ನ್ಯೂ ಆರ್ಲಿಯನ್ಸ್‌ನ ನ್ಯಾಯಾಧೀಶ ಕಾರ್ಲ್ ಬಾರ್ಬಿಯೆ 2012ರಲ್ಲಿ ರಾಸಾಯನಿಕ ಕಂಪನಿಯ ಮೇಲಿನ ದಾವೆಗಳನ್ನು, 2016ರ ಫೆಬ್ರವರಿಯಲ್ಲಿ ಗುತ್ತಿಗೆ ಕಂಪನಿಗಳ ಮೇಲಿನ ಹೆಚ್ಚಿನ ದಾವೆಗಳನ್ನು ವಜಾ ಮಾಡಿದರು. ಸರ್ಕಾರದ ಆದೇಶದಂತೆ ಕೆಲಸ ಮಾಡಿದವರಿಗೆ ಸರ್ಕಾರಕ್ಕಿರುವ ರಕ್ಷಣೆಯೇ ಸಿಗುತ್ತದೆ ಎನ್ನುವುದು ಗುತ್ತಿಗೆದಾರರ ಪರ ಆದ ತೀರ್ಪಿನ ತಿರುಳು. ಕೆಲವರಿಗೆ ಬಿಪಿ ಜೊತೆಗಿನ ವೈದ್ಯಕೀಯ ಒಪ್ಪಂದದಿಂದ ಪರಿಹಾರದ ದಾರಿ ಇತ್ತು. ಆದರೂ ಕಾಯ್ದೆಯಲ್ಲಿ ಗಾಯಾಳುವಿಗೆ ತೆರೆದಿಟ್ಟ ಬಾಗಿಲನ್ನು ಬೇರೆ ದಾರಿಯಿಂದ ಮುಚ್ಚಬಹುದು ಎಂದು ಈ ತೀರ್ಪು ತೋರಿಸಿತು. ರಾಜ್ಯಗಳ ಶಾಸಕರು ಇದನ್ನು ಗಮನಿಸಬೇಕು.

ಮತ್ತೆ ಒಹಾಯೊಗೆ ಬರೋಣ. ಐಸೆನ್‌ಬಾರ್ತ್‌ನಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೀನಿನ ಸಂಖ್ಯೆಗಿಂತ ಐದು ದಿನ ಎಂಬ ಮಾತು. ಅಲ್ಲಿ ಯಾವ ಯಾವ ರಾಸಾಯನಿಕ ಇದ್ದವು ಎನ್ನುವ ಪೂರ್ತಿ ಪಟ್ಟಿ ಪರಿಸರ ಸಂಸ್ಥೆಗಳ ಕೈಗೆ ಸಿಗಲು ಐದು ದಿನ ಹಿಡಿಯಿತು. ಕೆಲವು ವ್ಯಾಪಾರ ರಹಸ್ಯ ಎಂಬ ಕಾರಣ. ಏನು ಸುಡುತ್ತಿದೆ ಎಂದೇ ತಿಳಿಯದೆ ನೀರು ಹೊಡೆಯುವವರನ್ನು 'ಎಚ್ಚರದಿಂದ ಮಾಡಿದಿರಾ' ಎಂದು ಕೇಳುವುದು ಹೇಗೆ? ಗೊತ್ತಿದ್ದರೆ ನೀರಿನ ಬದಲು ನೊರೆ ಬಳಸಬಹುದಿತ್ತೇನೋ, ಹಳ್ಳಕ್ಕೆ ಮೊದಲೇ ಒಡ್ಡು ಹಾಕಬಹುದಿತ್ತೇನೋ. ಮಾಹಿತಿ ಮುಚ್ಚಿಟ್ಟವನ ಹೊಣೆಯನ್ನು ಬಿಟ್ಟು ನೀರು ಹೊಡೆದವನ ಹೊಣೆಯನ್ನು ಚರ್ಚಿಸುವ ಕಾನೂನು ಅರ್ಧ ಕಾನೂನು.

ಈ ಮಾಹಿತಿಯ ಹಕ್ಕಿಗೂ ನಮಗೂ ನೇರ ನಂಟಿದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಆಸ್ಪತ್ರೆಗಳಿಗೆ ಜನ ಸಾವಿರಾರು ಸಂಖ್ಯೆಯಲ್ಲಿ ಬಂದಾಗ ಏನು ಸೋರಿದೆ, ಏನು ಚಿಕಿತ್ಸೆ ಕೊಡಬೇಕು ಎಂದು ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. 1985ರ ಆಗಸ್ಟ್‌ನಲ್ಲಿ ಅದೇ ಯೂನಿಯನ್ ಕಾರ್ಬೈಡ್‌ನ ಇನ್ನೊಂದು ಕಾರ್ಖಾನೆಯಲ್ಲಿ, ಒಹಾಯೊ ಪಕ್ಕದ ವೆಸ್ಟ್ ವರ್ಜೀನಿಯಾದಲ್ಲಿ, ಸೋರಿಕೆಯಾಯಿತು. ಎರಡರ ಫಲವಾಗಿ 1986ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದಿತು. ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರು ಅದರ ಪಟ್ಟಿಯನ್ನು ರಾಜ್ಯಕ್ಕೆ, ಸ್ಥಳೀಯ ತುರ್ತು ಸಮಿತಿಗೆ, ಊರಿನ ಅಗ್ನಿಶಾಮಕ ದಳಕ್ಕೆ ಕೊಡಬೇಕು ಎಂದಿತು. ಆದರೆ ಒಹಾಯೊ 2001ರಲ್ಲಿ ತೈಲ, ಗ್ಯಾಸ್ ಕಂಪನಿಗಳಿಗೆ ಸಡಿಲಿಕೆ ಕೊಟ್ಟಿತು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಕೊಟ್ಟರೆ ಸಾಕು ಎಂದಿತು. ಇದು ಕೇಂದ್ರದ ಕಾಯ್ದೆಗೆ ಒಪ್ಪುವುದಿಲ್ಲ ಎಂದು ಕೇಂದ್ರದ ಪರಿಸರ ಸಂಸ್ಥೆ ಹೇಳಿದ್ದು 2013ರಲ್ಲಿ. ಮರುವರ್ಷವೇ ಬೆಂಕಿ ಬಿತ್ತು. 2016ರಲ್ಲಿ ಒಹಾಯೊ ಹೊಸ ನಿಯಮ ತಂದಿತು. ಅವಘಡ ಗೊತ್ತಾದ 30 ನಿಮಿಷದೊಳಗೆ ಒಂದೇ ಫೋನ್ ಸಂಖ್ಯೆಗೆ ತಿಳಿಸಬೇಕು.

ಪಕ್ಕದ ಪೆನ್ಸಿಲ್ವೇನಿಯಾ ಸ್ವಲ್ಪ ಮೊದಲೇ ಎಚ್ಚೆತ್ತಿತ್ತು. 2010ರ ಜೂನ್ 3ರ ರಾತ್ರಿ ಕ್ಲಿಯರ್‌ಫೀಲ್ಡ್ ಕೌಂಟಿಯಲ್ಲಿ ಬಾವಿ ಸಿಡಿದು 16 ಗಂಟೆ ಗ್ಯಾಸು, ನೀರು ಚಿಮ್ಮಿತು. ಕಂಪನಿ ತಡವಾಗಿ ತಿಳಿಸಿತು ಎನ್ನುವುದು ದೊಡ್ಡ ದೂರು. ಟೆಕ್ಸಾಸಿನಿಂದ ತಂಡ ಬರುವವರೆಗೆ ಕಾಯುವುದು ಬೇಡವೆಂದು ವೆಲ್ ಕಂಟ್ರೋಲ್ ಕಂಪನಿಯೊಂದು ಬ್ರಾಡ್‌ಫರ್ಡ್ ಕೌಂಟಿಯಲ್ಲೇ ನೆಲೆಯೂರುವಂತೆ ರಾಜ್ಯ ಮಾಡಿತು. 2011ರ ಏಪ್ರಿಲ್‌ನಲ್ಲಿ ಅದೇ ಬ್ರಾಡ್‌ಫರ್ಡ್‌ನಲ್ಲಿ ಚೆಸಾಪೀಕ್ ಕಂಪನಿಯ ಬಾವಿ ಕೈಮೀರಿದಾಗ ಕಂಪನಿ ಹತ್ತಿರದ ತಂಡವನ್ನು ಬಿಟ್ಟು ತನ್ನ ಕರಾರಿದ್ದ ಟೆಕ್ಸಾಸಿನ ತಂಡಕ್ಕಾಗಿ ಗಂಟೆಗಟ್ಟಲೆ ಕಾಯಿತು. ಬರುವವರಿಗೆ ಎಷ್ಟು ರಕ್ಷಣೆ ಕೊಟ್ಟರೂ ಯಾರನ್ನು ಕರೆಯಬೇಕೆಂಬ ನಿರ್ಧಾರ ಕಂಪನಿಯ ಕೈಯಲ್ಲೇ ಉಳಿದರೆ ಹೀಗಾಗುತ್ತದೆ. 2012ರ ಪೆನ್ಸಿಲ್ವೇನಿಯಾ ಕಾಯ್ದೆಯಲ್ಲಿ ಫ್ರ್ಯಾಕಿಂಗ್ ಮಾಡುವ ಬಾವಿಗಳಿಗೆ ವಿಳಾಸ, ದಾರಿಯ ಗುರುತು, ಬಾಗಿಲಲ್ಲಿ ಬೋರ್ಡು, ತುರ್ತು ಯೋಜನೆ ಕಡ್ಡಾಯವಾಯಿತು. ಸಣ್ಣ ವಿಷಯ ಅನ್ನಿಸಬಹುದು. ರಾತ್ರಿ ಎರಡು ಗಂಟೆಗೆ ಕಾಡಿನ ಮಣ್ಣುರಸ್ತೆಯಲ್ಲಿ ಬಾವಿ ಹುಡುಕುವ ಫೈರ್ ಇಂಜಿನ್ ಚಾಲಕನಿಗೆ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಇದನ್ನು ಓದುವ ಕನ್ನಡಿಗರು, ಅದರಲ್ಲೂ ಮಂಗಳೂರಿನಿಂದ ಗ್ಯಾಸ್ ಟ್ಯಾಂಕರುಗಳು ಸಾಗುವ ಹೆದ್ದಾರಿಯ ಅಕ್ಕಪಕ್ಕದವರು, ನಮ್ಮಲ್ಲಿ ಹೇಗೆ ಎಂದು ಕೇಳಬಹುದು. ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ 2013ರಲ್ಲಿ ಟ್ಯಾಂಕರ್ ಉರುಳಿ ಹೊತ್ತಿಕೊಂಡದ್ದು ಆ ಕಡೆಯವರಿಗೆ ನೆನಪಿದೆ. ಇಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಸೆಕ್ಷನ್ ಸರ್ಕಾರದ ನೌಕರರಿಗೆ, ಸರ್ಕಾರದ ಪರವಾಗಿ ಕೆಲಸ ಮಾಡಿದವರಿಗೆ ಪ್ರಾಮಾಣಿಕ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯಂತೆ ಅಪಾಯಕಾರಿ ವಸ್ತುವಿನ ಒಡೆಯ ತಪ್ಪು ಯಾರದೆಂದು ಸಾಬೀತಾಗದಿದ್ದರೂ ಮೊದಲ ಪರಿಹಾರ ಕೊಡಬೇಕು. ತಾನಾಗಿಯೇ ಓಡಿ ಬರುವ ಊರಿನವನಿಗೆ ಇರುವುದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಸೆಕ್ಷನ್. ಅದು ಕಾಯುವುದು ಅಪಘಾತದ ಗಾಯಾಳುವಿಗೆ ನೆರವಾಗುವಾಗ ಆ ಗಾಯಾಳುವಿಗೇ ಏನಾದರೂ ಆದರೆ ಮಾತ್ರ. ಸೋರುವ ಟ್ಯಾಂಕರಿನಿಂದ ಹರಿಯುವುದನ್ನು ತಡೆಯಲು ಒಬ್ಬ ಚರಂಡಿ ತಿರುಗಿಸಿದ, ಅದು ಇನ್ನೊಬ್ಬನ ಅಡಿಕೆ ತೋಟಕ್ಕೆ ನುಗ್ಗಿತು ಎಂದರೆ ಆ ಸೆಕ್ಷನ್ ಅವನ ನೆರವಿಗೆ ಬರುವುದಿಲ್ಲ. ಆ ತೋಟದ ನಷ್ಟವನ್ನು ಟ್ಯಾಂಕರಿನ ಒಡೆಯನೇ ತುಂಬಬೇಕು ಎನ್ನುವ ಸಾಲೂ ಅದರಲ್ಲಿ ಇಲ್ಲ.